ಪಟಾಕಿಗೆ ಬಣ್ಣ ಎಲ್ಲಿಂದ ಬರುತ್ತದೋ ವಿಷವೂ ಅಲ್ಲಿಂದಲೇ

ದೀಪಾವಳಿ ಹತ್ತಿರ ಬಂದರೆ ಪಟಾಕಿಯ ಸದ್ದು, ಹೊಗೆ, ಕಣ್ಣಿನ ಗಾಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬಣ್ಣದ ಬಗ್ಗೆ ಯಾರೂ ಕೇಳುವುದಿಲ್ಲ. ಆಟಂಬಾಂಬ್, ಸರಪಟಾಕಿಯನ್ನು ದೂರವಿಟ್ಟು ಮಕ್ಕಳ ಕೈಗೆ ಸುರುಸುರುಬತ್ತಿ, ಹೂಕುಂಡ, ಮತಾಪು ಕೊಟ್ಟರೆ ಅಪಾಯ ಕಳೆಯಿತು ಎಂದುಕೊಳ್ಳುವ ಮನೆಗಳೇ ಹೆಚ್ಚು. ಸಿಡಿತದ ಮಟ್ಟಿಗೆ ಅದು ಸರಿ. ರಸಾಯನದ ಮಟ್ಟಿಗೆ ಲೆಕ್ಕ ತಲೆಕೆಳಗು. ಬರೀ ಸದ್ದು ಮಾಡುವ ಪಟಾಕಿಯಲ್ಲಿ ಬಹುಪಾಲು ಅಲ್ಯೂಮಿನಿಯಂ ಪುಡಿ, ಗಂಧಕ ಮತ್ತು ಯಾವುದಾದರೊಂದು ನೈಟ್ರೇಟ್ ಇರುತ್ತದೆ. ಬೇರಿಯಂ, ಸ್ಟ್ರಾನ್ಷಿಯಂ, ತಾಮ್ರ, ಕ್ಲೋರಿನ್ ಇವೆಲ್ಲ ಒಟ್ಟಿಗೆ ಬರುವುದು ಬಣ್ಣದ ಸರಕಿನಲ್ಲಿ.

ಬಣ್ಣ ಹುಟ್ಟುವ ಬಗೆ ತಿಳಿದರೆ ವಿಷ ಎಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಜ್ವಾಲೆಯ ಬಿಸಿಗೆ ಲೋಹದ ಲವಣ ಆವಿಯಾಗಿ, ಆ ಆವಿಯಲ್ಲಿ ಕ್ಷಣಕಾಲ ಬದುಕುವ ಕೆಲವು ಅಣುಗಳು ಬೆಳಕು ಚೆಲ್ಲುತ್ತವೆ. ಹಳದಿಗೆ ಸೋಡಿಯಂ ಪರಮಾಣು ಒಂದೇ ಸಾಕು, ಅದರ ಬೆಳಕಿನ ತರಂಗಾಂತರ 589 ನ್ಯಾನೊಮೀಟರ್. ಕೆಂಪು ಬರುವುದು ಸ್ಟ್ರಾನ್ಷಿಯಂ ಮಾನೊಕ್ಲೋರೈಡ್ ಮತ್ತು ಸ್ಟ್ರಾನ್ಷಿಯಂ ಹೈಡ್ರಾಕ್ಸೈಡ್ ಅಣುಗಳಿಂದ. ಹಸಿರು ಬೇರಿಯಂ ಮಾನೊಕ್ಲೋರೈಡ್‌ನದು, ಸುಮಾರು 505ರಿಂದ 535 ನ್ಯಾನೊಮೀಟರ್ ನಡುವೆ. ನೀಲಿ ತಾಮ್ರದ ಮಾನೊಕ್ಲೋರೈಡ್‌ನದು. ಬೇರಿಯಂ ಮಾನೊಕ್ಲೋರೈಡನ್ನು ಸೀಸೆಯಲ್ಲಿ ತುಂಬಿ ಮಾರಲು ಆಗುವುದಿಲ್ಲ, ಅದು ಜ್ವಾಲೆಯೊಳಗೇ ಹುಟ್ಟಬೇಕು. ಅದಕ್ಕೆ ಕ್ಲೋರಿನ್ ಬೇಕು. ಕ್ಲೋರಿನ್ ಒದಗಿಸಲು ಪರ್ಕ್ಲೋರೇಟನ್ನೋ (ಕ್ಲೋರಿನ್, ಆಮ್ಲಜನಕ ಎರಡೂ ಇರುವ ಲವಣ), ಪಿವಿಸಿ ಪುಡಿಯನ್ನೋ, ಕ್ಲೋರಿನ್ ಸೇರಿಸಿದ ರಬ್ಬರನ್ನೋ ಬೆರೆಸುತ್ತಾರೆ. ಹಾಗಾಗಿ ಹಳದಿ ಬಿಟ್ಟು ಈ ಬಣ್ಣಗಳು ಚೆನ್ನಾಗಿ ಬರಲು ಎರಡು ಷರತ್ತು: ಲೋಹ ಆವಿಯಾಗಲೇಬೇಕು, ಜೊತೆಗೆ ಕ್ಲೋರಿನ್ ಇರಲೇಬೇಕು. ಆವಿಯಾದ ಲೋಹ ತಣ್ಣಗಾದಾಗ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣಗಳಾಗುತ್ತದೆ. ಬಣ್ಣ ಎಷ್ಟು ಚೆನ್ನಾಗಿ ಬಂತೋ ಲೋಹ ಅಷ್ಟು ಚೆನ್ನಾಗಿ ಗಾಳಿಗೆ ಸೇರಿತು ಎಂದೇ ಅರ್ಥ.

ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಕಿರುವುದು ಬೇರಿಯಂಗೆ. ಹಸಿರು ಬಣ್ಣಕ್ಕೆ ಮಾತ್ರ ಬೇರಿಯಂ ಹಾಕುತ್ತಾರೆ ಎಂಬ ತಿಳಿವಳಿಕೆ ತಪ್ಪು. ಬೇರಿಯಂ ನೈಟ್ರೇಟ್ ಉರಿಯಲು ಆಮ್ಲಜನಕವನ್ನೂ ಕೊಡುತ್ತದೆ, ತೇವವನ್ನೂ ಸುಲಭವಾಗಿ ಹೀರುವುದಿಲ್ಲ. ಆದ್ದರಿಂದಲೇ ಸಾಂಪ್ರದಾಯಿಕ ಸುರುಸುರುಬತ್ತಿಯ ಲೇಪದಲ್ಲಿ ಅತಿ ದೊಡ್ಡ ಪಾಲು ಅದರದೇ. ಉರಿ ಹಸಿರಾಗಿ ಕಾಣುವುದಿಲ್ಲ, ಏಕೆಂದರೆ ಅಲ್ಯೂಮಿನಿಯಂನ ಬೆಳ್ಳಗಿನ ಹೊಳಪು, ಕಬ್ಬಿಣದ ಅರದ ಪುಡಿಯ ಹೊಂಬಣ್ಣದ ಕಿಡಿ ಅದನ್ನು ಮುಚ್ಚಿಬಿಡುತ್ತವೆ. ಬಣ್ಣ ಕಾಣಲಿಲ್ಲ ಎಂದರೆ ಬೇರಿಯಂ ಇಲ್ಲ ಎಂದಲ್ಲ. ಹೂಕುಂಡವೋ ಮತಾಪೋ ಎಳೆ ಎಲೆಯಂಥ ಹಸಿರಾಗಿ ಉರಿದರಂತೂ ಪೊಟ್ಟಣದ ಮೇಲೆ ಏನೇ ಬರೆದಿರಲಿ, ಬೇರಿಯಂ ಇದೆ ಎಂದೇ ನಾನು ತಿಳಿಯುತ್ತೇನೆ.

ಬೇರಿಯಂ ವಿಷವೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಲವಣದ ಮೇಲೆ ನಿಂತಿದೆ. ಎಕ್ಸ್‌ರೇ ತೆಗೆಯುವ ಮುನ್ನ ಆಸ್ಪತ್ರೆಯಲ್ಲಿ ಕುಡಿಸುವುದು ಬೇರಿಯಂ ಸಲ್ಫೇಟ್. ಅದು ನೀರಿನಲ್ಲೂ ಹೊಟ್ಟೆಯ ಆಮ್ಲದಲ್ಲೂ ಕರಗುವುದಿಲ್ಲ, ಹೋದ ಹಾಗೆಯೇ ಹೊರಬರುತ್ತದೆ. ಬೇರಿಯಂ ನೈಟ್ರೇಟ್, ಕ್ಲೋರೈಡ್ ಎರಡೂ ನೀರಿನಲ್ಲಿ ಕರಗುತ್ತವೆ. ಮೋಸ ಮಾಡುವುದು ಬೇರಿಯಂ ಕಾರ್ಬೊನೇಟ್: ನೀರಿನಲ್ಲಿ ಕರಗದ ಕಾರಣ ನಿರಪಾಯ ಎನ್ನಿಸುತ್ತದೆ, ಹೊಟ್ಟೆಯ ಆಮ್ಲ ತಗುಲಿದರೆ ಕರಗಿ ರಕ್ತಕ್ಕೆ ಸೇರುತ್ತದೆ. ಇಲಿ ಪಾಷಾಣವಾಗಿ ಬಳಕೆಯಲ್ಲಿದ್ದದ್ದು ಇದೇ ಲವಣ. ಪಟಾಕಿ ಉರಿದ ಮೇಲೆ ಉಳಿಯುವ ಬೂದಿಯಲ್ಲಿ ಈ ಎಲ್ಲ ರೂಪಗಳೂ ಬೆರೆತಿರುತ್ತವೆ. ಗಂಧಕ ಜಾಸ್ತಿ ಇದ್ದಲ್ಲಿ ಸಲ್ಫೇಟಿನ ಪಾಲು ಜಾಸ್ತಿ, ಇಲ್ಲದಿದ್ದರೆ ಆಕ್ಸೈಡ್, ಕಾರ್ಬೊನೇಟ್, ಕ್ಲೋರೈಡ್.

ಕರಗಿದ ಬೇರಿಯಂ ದೇಹದಲ್ಲಿ ಮಾಡುವ ಕೆಲಸ ಸ್ಪಷ್ಟ. ಜೀವಕೋಶದಿಂದ ಪೊಟ್ಯಾಸಿಯಂ ಹೊರಬರುವ ದಾರಿಗಳನ್ನು ಅದು ಮುಚ್ಚುತ್ತದೆ. ಪೊಟ್ಯಾಸಿಯಂ ಒಳಗೇ ಸಿಕ್ಕಿಬಿದ್ದು ರಕ್ತದಲ್ಲಿ ಅದರ ಮಟ್ಟ ಕುಸಿಯುತ್ತದೆ. ಮೊದಲು ವಾಂತಿ, ಭೇದಿ, ಹೊಟ್ಟೆನೋವು. ಕೆಲವು ಗಂಟೆಗಳಲ್ಲಿ ಕೈಕಾಲು ಸೋಲುವುದು, ಎದೆಬಡಿತ ಏರುಪೇರಾಗುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲಬಹುದು. ಮಗು ಪಟಾಕಿ ಮದ್ದನ್ನು ಬಾಯಿಗೆ ಹಾಕಿಕೊಂಡಿದ್ದರೆ ಲಕ್ಷಣ ಬರಲಿ ಎಂದು ಕಾಯಬಾರದು. ಉಳಿದ ಮದ್ದನ್ನೂ ಪೊಟ್ಟಣವನ್ನೂ ಜೊತೆಗೆ ಒಯ್ದು, "ಬೇರಿಯಂ ಇರಬಹುದು, ಪೊಟ್ಯಾಸಿಯಂ ಮಟ್ಟ ನೋಡಿ" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಸಲ್ಫೇಟ್ ಲವಣ ಕೊಟ್ಟು ಬೇರಿಯಂ ಅನ್ನು ಕರಗದ ರೂಪಕ್ಕೆ ತರುವುದು, ಇಸಿಜಿ ನೋಡಿಕೊಳ್ಳುತ್ತ ಪೊಟ್ಯಾಸಿಯಂ ತುಂಬುವುದು ಆಸ್ಪತ್ರೆಯ ಕೆಲಸ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಉಸಿರಿನ ಮೂಲಕ ಬರುವ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ, ಆದರೆ ಗಾಳಿಯಲ್ಲಿ ಬೇರಿಯಂ ಏರುವುದು ಅಳತೆಗೆ ಸಿಗುತ್ತದೆ. ಆಸ್ಟ್ರಿಯಾದ ಸಾಲ್‌ಬಾಖ್ ಎಂಬ ಹಳ್ಳಿಯಲ್ಲಿ ಹೊಸವರ್ಷದ ಬಾಣಬಿರುಸಿನ ನಂತರ ಹಿಮದ ಮಾದರಿಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರಿಯಂ 580 ಪಟ್ಟಿನವರೆಗೆ ಏರಿದ್ದು ಕಂಡಿತು. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ 2016ರಲ್ಲಿ ಪಟಾಕಿಗಳನ್ನು ಒಂದೊಂದಾಗಿ ಉರಿಸಿ ಪಿಎಂ 2.5 ಎಂಬ ಅತಿ ಸಣ್ಣ ಕಣಗಳನ್ನು ಅಳೆಯಿತು. ಒಂದು ಘನ ಮೀಟರಿಗೆ ಹಾವಿನ ಮಾತ್ರೆ 64,500 ಮೈಕ್ರೊಗ್ರಾಂ, ಸಾವಿರದ ಸರಪಟಾಕಿ 38,540, ಸುರುಸುರುಬತ್ತಿ 10,390, ಹೂಕುಂಡ 4,860. ಇವು ಕೆಲವೇ ಕ್ಷಣಗಳ ಗರಿಷ್ಠ ಮಟ್ಟ. ನಮ್ಮ ದೇಶದ 24 ಗಂಟೆಯ ಮಿತಿಯಾದ 60 ಮೈಕ್ರೊಗ್ರಾಂ ಜೊತೆ ಇವನ್ನು ನೇರವಾಗಿ ಹೋಲಿಸಿ ಸಾವಿರ ಪಟ್ಟು ಎಂದು ಕೂಗುವುದು ಸರಿಯಲ್ಲ. ಆದರೆ ಪಟಾಕಿಗಳ ನಡುವಿನ ಶ್ರೇಣಿ ನೋಡಿ: ಎಲ್ಲಕ್ಕಿಂತ ಸದ್ದಿಲ್ಲದ, ಎಲ್ಲಕ್ಕಿಂತ ಚಿಕ್ಕ ಮಕ್ಕಳು ಮುಖ ಬಗ್ಗಿಸಿ ಹತ್ತಿರದಿಂದ ನೋಡುವ ಹಾವಿನ ಮಾತ್ರೆಯೇ ಮೇಲೆ ನಿಂತಿದೆ. ಅದನ್ನು ಮನೆಗೆ ತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ಕಥೆ ಇಷ್ಟು. ಅರ್ಜುನ್ ಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಜುಲೈ 31ರಂದು ಆಂಟಿಮನಿ, ಲಿಥಿಯಂ, ಪಾದರಸ, ಆರ್ಸೆನಿಕ್, ಸೀಸ ಇವುಗಳನ್ನು ಪಟಾಕಿಯಲ್ಲಿ ಯಾವ ರೂಪದಲ್ಲೂ ಬಳಸಬಾರದು ಎಂದಿತು. 2018ರ ಅಕ್ಟೋಬರ್ 23ರಂದು ಬೇರಿಯಂ ಲವಣಗಳನ್ನೂ ಸರಪಟಾಕಿಯನ್ನೂ ನಿಷೇಧಿಸಿತು. ಸಿಬಿಐ ತನಿಖಾ ವರದಿಯಲ್ಲಿ ನಿಷೇಧದ ನಂತರವೂ ಬೇರಿಯಂ ಬಳಕೆ, ಲೇಬಲ್‌ನಲ್ಲಿ ಸುಳ್ಳು ಮಾಹಿತಿ ಕಂಡುಬಂದ ಮೇಲೆ 2021ರಲ್ಲಿ ಕೋರ್ಟ್ ನಿಷೇಧವನ್ನು ಮತ್ತೆ ಎತ್ತಿ ಹೇಳಿತು. ಸುಧಾರಿತ ಸೂತ್ರದಲ್ಲಿ ಬೇರಿಯಂ ಬಳಸಲು ಬಿಡಿ ಎಂಬ ಕೋರಿಕೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ಹಸಿರು ಪಟಾಕಿ ಬಂದದ್ದು ಈ ಹಿನ್ನೆಲೆಯಲ್ಲಿ. ಇಲ್ಲಿ ಹಸಿರು ಎಂದರೆ ಉರಿಯ ಬಣ್ಣವಲ್ಲ, ಮಾಲಿನ್ಯ ಕಡಿಮೆ ಎಂಬ ಅರ್ಥ. ಅದರ ಗುರಿ ಕಣಗಳನ್ನು ಶೇ 30ರಷ್ಟು ಕಡಿಮೆ ಮಾಡುವುದು. ಉಳಿದ ಶೇ 70 ಹಾಗೆಯೇ ಇದೆ ಎಂಬುದನ್ನು ಮರೆತು, ಹಸಿರು ಪಟಾಕಿ ಎಂದರೆ ಹೊಗೆಯಿಲ್ಲದ ಪಟಾಕಿ ಎಂದುಕೊಂಡವರು ಬಹಳ.

ಈಗ ಕೆಂಪಿನ ವಿಷಯ. ಸ್ಟ್ರಾನ್ಷಿಯಂ ಎಂದೊಡನೆ ಅಣುಬಾಂಬಿನ ವಿಕಿರಣ ನೆನಪಾಗುವವರಿದ್ದಾರೆ. ಅದು ಸ್ಟ್ರಾನ್ಷಿಯಂ-90. ಪಟಾಕಿಯಲ್ಲಿರುವುದು ಗಣಿಯಿಂದ ಬಂದ ಸಾಮಾನ್ಯ ಸ್ಟ್ರಾನ್ಷಿಯಂ, ಅದಕ್ಕೆ ವಿಕಿರಣವಿಲ್ಲ. ಬೇರಿಯಂಗೆ ಹೋಲಿಸಿದರೆ ಇದರ ವಿಷ ತೀರಾ ಕಡಿಮೆ. ಆದರೆ ಕ್ಯಾಲ್ಸಿಯಂನ ಹಾಗೆಯೇ ನಡೆದುಕೊಳ್ಳುವ ಕಾರಣ ಬೆಳೆಯುವ ಮಕ್ಕಳ ಮೂಳೆಗೆ ಸೇರಿಕೊಳ್ಳುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಕುಡಿಯುವ ನೀರಿನ ಸ್ಟ್ರಾನ್ಷಿಯಂಗೆ ನಿಯಂತ್ರಣ ತರುವ ಪ್ರಾಥಮಿಕ ನಿರ್ಧಾರ ಪ್ರಕಟಿಸಿತು. ಅದಾದ ಮೇಲೆ ಸ್ಟ್ರಾನ್ಷಿಯಂ ಇಲ್ಲದ ಕೆಂಪಿನ ಹುಡುಕಾಟ ಜೋರಾಯಿತು. ಮ್ಯೂನಿಕ್‌ನ ರಸಾಯನ ವಿಜ್ಞಾನಿ ಕ್ಲಾಪೋಟ್ಕೆ ಅವರ ತಂಡ ಮತ್ತು ಅಮೆರಿಕದ ಸೇನಾ ಸಂಶೋಧಕ ಜೆಸ್ಸಿ ಸಬಾಟಿನಿ ಸೇರಿ 2017ರಲ್ಲಿ ಸ್ಟ್ರಾನ್ಷಿಯಂ, ಕ್ಲೋರಿನ್ ಎರಡೂ ಇಲ್ಲದ ಲಿಥಿಯಂ ಕೆಂಪನ್ನು ಪ್ರಕಟಿಸಿದರು. ನಮ್ಮ ಸುಪ್ರೀಂ ಕೋರ್ಟ್ ಲಿಥಿಯಂ ನಿಷೇಧಿಸಿದ್ದೂ ಅದೇ ವರ್ಷ. ಒಂದು ಕಡೆ ಪರಿಹಾರವಾದದ್ದು ಇನ್ನೊಂದು ಕಡೆ ನಿಷಿದ್ಧ. ಧಾತುವಿನ ಹೆಸರಷ್ಟನ್ನೇ ಹಿಡಿದು ನಿಯಮ ಬರೆದರೆ ಹೀಗಾಗುತ್ತದೆ. ಯಾವ ಲವಣ, ಎಷ್ಟು, ಗಾಳಿಗೋ ನೀರಿಗೋ ಕೈಗೋ ಎಂದು ಕೇಳದೆ ಸುರಕ್ಷತೆಯ ತೀರ್ಮಾನ ಸಾಧ್ಯವಿಲ್ಲ. ಹಸಿರಿಗೆ ಬೇರಿಯಂ ಬದಲು ಬೋರಾನ್ ಕಾರ್ಬೈಡ್ ಬಳಸುವ ದಾರಿಯನ್ನೂ ಸಬಾಟಿನಿ ತಂಡ 2011ರಲ್ಲಿ ತೋರಿಸಿತ್ತು. ಆದರೆ ಬೋರಾನ್ ಹಸಿರು ತುಸು ಹಳದಿಗೆ ತಿರುಗಿದ ಮಂಕು ಹಸಿರು.

ನೀಲಿ ಎಂದಿಗೂ ಕಷ್ಟದ ಬಣ್ಣ. ಬಿಸಿ ಹೆಚ್ಚಾದರೆ ತಾಮ್ರದ ಮಾನೊಕ್ಲೋರೈಡ್ ಒಡೆದುಹೋಗಿ ನೀಲಿ ಬಿಳಚುತ್ತದೆ. ಆದ್ದರಿಂದ ನೀಲಿಯನ್ನು ತಣ್ಣಗಿನ ಜ್ವಾಲೆಯಲ್ಲಿ, ಧಾರಾಳ ಕ್ಲೋರಿನ್ ಜೊತೆ ಉರಿಸುತ್ತಾರೆ. ಹಿಂದೆ ಇದಕ್ಕಾಗಿ ಪ್ಯಾರಿಸ್ ಗ್ರೀನ್ ಎಂಬ, ಆರ್ಸೆನಿಕ್ ಇರುವ ತಾಮ್ರದ ಲವಣವನ್ನು ಬಳಸುತ್ತಿದ್ದರು. ಕ್ಲೋರಿನ್‌ಗೆ ಪಾದರಸದ ಕ್ಯಾಲೊಮೆಲ್. ಅವು ಹೋದವು. ಉಳಿದ ತಾಪತ್ರಯ ಬೇರೆ. ಕ್ಲೋರಿನ್, ಅರೆಬೆಂದ ಇಂಗಾಲ, ತಾಮ್ರ ಮೂರೂ ಸೇರಿ ಸುಮಾರು 250ರಿಂದ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತರೆ ಡಯಾಕ್ಸಿನ್ ಎಂಬ ಅತಿ ವಿಷಕಾರಿ ರಾಸಾಯನಿಕ ಹುಟ್ಟುತ್ತದೆ, ತಾಮ್ರವೇ ಅದಕ್ಕೆ ವೇಗವರ್ಧಕ. ಆಕಾಶದಲ್ಲಿ ಒಂದೆರಡು ಸೆಕೆಂಡು ಉರಿದು ಆರುವ ‘ನಕ್ಷತ್ರ’ ಎಂಬ ಬಣ್ಣದ ಮದ್ದಿನ ಉಂಡೆ ಈ ತಾಪಮಾನದಲ್ಲಿ ಕಳೆಯುವ ಹೊತ್ತು ಕಡಿಮೆ. ನಿಜವಾದ ಅಪಾಯ ಇರುವುದು ಮರುದಿನ ಬೆಳಿಗ್ಗೆ. ಬೀದಿಯ ಪಟಾಕಿ ಕಸವನ್ನೆಲ್ಲ ಗುಡಿಸಿ ರಾಶಿ ಮಾಡಿ ಬೆಂಕಿ ಹಚ್ಚುತ್ತಾರಲ್ಲ, ಆ ರಾಶಿಯಲ್ಲಿ ಪಿವಿಸಿ ಚೂರು, ತಾಮ್ರದ ಶೇಷ, ಬಣ್ಣದ ಕಾಗದ, ಉರಿಯದೆ ಉಳಿದ ಮದ್ದು ಎಲ್ಲ ಇರುತ್ತದೆ. ಗಂಟೆಗಟ್ಟಲೆ ಹೊಗೆಯಾಡುತ್ತ ಅದು ನಿಲ್ಲುವುದು ಸರಿಯಾಗಿ ಆ ತಾಪಮಾನದಲ್ಲೇ. ಹಬ್ಬದ ರಾತ್ರಿಗಿಂತ ಈ ಬೆಳಗಿನ ಬೆಂಕಿಯನ್ನು ತಪ್ಪಿಸುವುದು ಸುಲಭ, ಲಾಭವೂ ಹೆಚ್ಚು.

ಕ್ಲೋರಿನ್‌ಗಾಗಿ ಹೆಕ್ಸಾಕ್ಲೋರೊಬೆಂಜೀನ್ ಬಳಸುವ ಪದ್ಧತಿಯೂ ಇತ್ತು. ಸ್ಟಾಕ್‌ಹೋಮ್ ಒಪ್ಪಂದ ನಿಷೇಧಿಸಿದ ಮೊದಲ 12 ದೀರ್ಘಕಾಲಿಕ ಮಾಲಿನ್ಯಕಾರಕಗಳಲ್ಲಿ ಅದೂ ಒಂದು. ಚಿಟಪಟ ಸಿಡಿಯುವ ಗುಳಿಗೆಗಳದು ಇನ್ನೊಂದು ಸಮಸ್ಯೆ: ಅವಕ್ಕೆ ಹಿಂದಿನಿಂದ ಬಳಸುತ್ತಿದ್ದದ್ದು ಕೆಂಪು ಸೀಸದ ಆಕ್ಸೈಡ್. ಬದಲಿಗೆ ಬಿಸ್ಮತ್ ಆಕ್ಸೈಡ್ ಇದೆ, ಬೆಲೆ ಜಾಸ್ತಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 12 ಬಗೆಯ ಪಟಾಕಿಗಳ ಪೈಕಿ 2ರಲ್ಲಿ ಹಾನಿಕರ ಮಟ್ಟದ ಸೀಸ ಸಿಕ್ಕಿತು. ಬಿಲ್ಲಿಲ್ಲದೆ ಮಾರುವ, ತಯಾರಕರ ಹೆಸರಿಲ್ಲದ ಚಿಟಪಟ ಸರಕನ್ನು ಕೊಳ್ಳದಿರಲು ಇದೊಂದೇ ಕಾರಣ ಸಾಕು.

ಲೋಹಗಳ ಗದ್ದಲದಲ್ಲಿ ಮರೆತೇಹೋಗುವುದು ಪರ್ಕ್ಲೋರೇಟ್. ಇದು ಲೋಹವಲ್ಲ, ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರಿನಲ್ಲಿ ಸಲೀಸಾಗಿ ಕರಗಿ ನೀರು ಹೋದಲ್ಲೆಲ್ಲ ಹೋಗುತ್ತದೆ. ಥೈರಾಯ್ಡ್ ಗ್ರಂಥಿ ಅಯೋಡೈಡನ್ನು ಎಳೆದುಕೊಳ್ಳುವ ಬಾಗಿಲಲ್ಲಿ ಪರ್ಕ್ಲೋರೇಟ್ ನುಗ್ಗಿ ಜಾಗ ಹಿಡಿಯುತ್ತದೆ. ಆಹಾರದಲ್ಲಿ ಅಯೋಡಿನ್ ಸಾಕಷ್ಟಿರುವ ವಯಸ್ಕರಿಗೆ ಸ್ವಲ್ಪ ಪ್ರಮಾಣ ತೊಂದರೆ ಕೊಡದು. ಗರ್ಭಿಣಿ, ಹೊಟ್ಟೆಯೊಳಗಿನ ಮಗು, ಎಳೆ ಕೂಸು ಇವರಿಗೆ ಹಾಗಲ್ಲ, ಆ ಹಂತದಲ್ಲಿ ಮೆದುಳಿನ ಬೆಳವಣಿಗೆ ಥೈರಾಯ್ಡ್ ಹಾರ್ಮೋನನ್ನು ನೆಚ್ಚಿಕೊಂಡಿರುತ್ತದೆ. ಅಯೋಡಿನ್ ಕೊರತೆಯ ಗಳಗಂಡ ನಮ್ಮ ಮಲೆನಾಡಿಗೆ ಹೊಸದಲ್ಲ, ಹಾಗಾಗಿ ಇದು ದೂರದ ಚಿಂತೆ ಎನ್ನಲಾಗದು.

ಮಿತಿಗಳು ಒಂದೊಂದು ಕಡೆ ಒಂದೊಂದು. ಒಂದು ಲೀಟರ್ ಕುಡಿಯುವ ನೀರಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2 ಮೈಕ್ರೊಗ್ರಾಂ, ಕ್ಯಾಲಿಫೋರ್ನಿಯಾ ರಾಜ್ಯ 6, ವಿಶ್ವ ಆರೋಗ್ಯ ಸಂಸ್ಥೆ 70. ಮ್ಯಾಸಚೂಸೆಟ್ಸ್ ಲೆಕ್ಕ ಹಿಡಿದರೆ ಒಂದು ಗ್ರಾಂ ಪರ್ಕ್ಲೋರೇಟ್ 5 ಲಕ್ಷ ಲೀಟರ್ ನೀರನ್ನು ಮಿತಿಗೆ ತಂದು ನಿಲ್ಲಿಸುತ್ತದೆ. ಚೆನ್ನಾಗಿ ಉರಿದ ಪಟಾಕಿಯಲ್ಲಿ ಪರ್ಕ್ಲೋರೇಟ್ ಬಹುಪಾಲು ಒಡೆದು ಕ್ಲೋರೈಡ್ ಆಗಿಬಿಡುತ್ತದೆ, ಅಂದರೆ ಬರೀ ಉಪ್ಪು. ಕೆಡುವುದು ಉರಿಯದೆ ಉಳಿದ ತುಣುಕಿನಿಂದ, ಟುಸ್ ಆದ ಪಟಾಕಿಯಿಂದ, ಮಳೆಯಲ್ಲಿ ನೆಂದ ಪೊಟ್ಟಣದಿಂದ.

ಅಮೆರಿಕದ ಒಕ್ಲಹೋಮ ರಾಜ್ಯದ ಏಡಾ ಊರಿನಲ್ಲಿ ಕೆರೆಯ ದಡದ ಪ್ರದರ್ಶನಗಳನ್ನು ಹಿಂಬಾಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಕೆರೆಯ ಎಂದಿನ ಮಟ್ಟ ಲೀಟರಿಗೆ ಸರಾಸರಿ 0.043 ಮೈಕ್ರೊಗ್ರಾಂ. ಬಾಣಬಿರುಸು ಮುಗಿದ 14 ಗಂಟೆಯೊಳಗೆ ಅದು 24ರಿಂದ 1,028 ಪಟ್ಟಿನವರೆಗೆ ಏರಿತು, ಗರಿಷ್ಠ 44.2. ಮತ್ತೆ ಹಳೆಯ ಮಟ್ಟಕ್ಕೆ ಇಳಿಯಲು 20ರಿಂದ 80 ದಿನ ಹಿಡಿಯಿತು. ಇಳಿಸಿದವು ಕೆರೆಯ ಕೆಸರಿನ ಬ್ಯಾಕ್ಟೀರಿಯಾ. ಆಮ್ಲಜನಕವಿಲ್ಲದ ಕಡೆ ಅವು ಪರ್ಕ್ಲೋರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ಬಂಡೆಯ ನಾಡಿನಲ್ಲಿ ಈ ನೆರವು ಸಿಗುವುದಿಲ್ಲ. ಅಮೆರಿಕದ ಮೌಂಟ್ ರಶ್ಮೋರ್ ಬೆಟ್ಟದಲ್ಲಿ 1998ರಿಂದ 2009ರವರೆಗೆ ಜುಲೈ 4ರ ಸುಮಾರಿಗೆ ನಡೆಸುತ್ತಿದ್ದ ಪ್ರದರ್ಶನಗಳು ನಿಂತ ಮೇಲೆ ತೆಗೆದ ಮಾದರಿಗಳಲ್ಲೂ ಹಳ್ಳದ ನೀರಿನಲ್ಲಿ 54, ಅಂತರ್ಜಲದಲ್ಲಿ 38 ಮೈಕ್ರೊಗ್ರಾಂವರೆಗೆ ಸಿಕ್ಕಿತು. ಬಿರುಕು ಬಂಡೆಯ ಮೇಲೆ ತೆಳು ಮಣ್ಣಿರುವ ಬಯಲುಸೀಮೆಯ ಬೋರ್‌ವೆಲ್ ಊರುಗಳು ಕೆರೆಗಿಂತ ಈ ಬೆಟ್ಟದ ಲೆಕ್ಕವನ್ನು ನೋಡಬೇಕು. ಶಿವಕಾಶಿ ಸುತ್ತಲಿನ ಅಂತರ್ಜಲದಲ್ಲೂ ಪರ್ಕ್ಲೋರೇಟ್ ಇರುವುದನ್ನು 2013ರ ಅಧ್ಯಯನ ದಾಖಲಿಸಿದೆ.

ಇದರಿಂದ ಮನೆಯ ಮಟ್ಟದಲ್ಲಿ ಒಂದು ಇಕ್ಕಟ್ಟು ಹುಟ್ಟುತ್ತದೆ. ಟುಸ್ ಆದ ಪಟಾಕಿಯನ್ನು ನೀರಿನಲ್ಲಿ ನೆನೆಸಿ ಎಂಬ ಸಲಹೆ ಬೆಂಕಿಯ ದೃಷ್ಟಿಯಿಂದ ಸರಿ, ಬಿಡಬಾರದು. ಅರ್ಧ ಗಂಟೆ ಮುಟ್ಟದೆ ಬಿಟ್ಟು, ದೂರದಿಂದ ನೀರು ಸುರಿದು, ಆಮೇಲೆ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಬಕೆಟ್ಟಿಗೆ ಮುಚ್ಚಳ ಹಾಕಬಾರದು, ಅಲ್ಯೂಮಿನಿಯಂ ಪುಡಿ ನೀರಿನ ಜೊತೆ ಸೇರಿ ಹೈಡ್ರೋಜನ್ ಬಿಡಬಹುದು. ಆದರೆ ಹಾಗೆ ನೆನೆಸಿದ ನೀರಿನಲ್ಲಿ ನೈಟ್ರೇಟ್, ಬೇರಿಯಂ, ಪರ್ಕ್ಲೋರೇಟ್ ಎಲ್ಲ ಇಳಿದಿರುತ್ತದೆ. ಅದನ್ನು ತೆಂಗಿನ ಬುಡಕ್ಕೆ, ಬಾವಿಕಟ್ಟೆಯ ಪಕ್ಕ, ಮಳೆನೀರು ಇಂಗುಗುಂಡಿಗೆ ಸುರಿಯಬಾರದು. ಒಳಚರಂಡಿ ಸಂಪರ್ಕವಿರುವ ಶೌಚಕ್ಕೆ ಹಾಕುವುದು ಇದ್ದುದರಲ್ಲಿ ಮೇಲು. ನೆಂದ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಪಟಾಕಿ ಎಂದು ಹೇಳಿಯೇ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಉರಿದ ಅಂಗಳವನ್ನು ಒಣಗುಡಿಸಬೇಡಿ, ಬೂದಿ ಮತ್ತೆ ಗಾಳಿಗೇಳುತ್ತದೆ. ತುಸು ನೀರು ಚಿಮುಕಿಸಿ ಗುಡಿಸಿ. ಹಸು ಕರು ಕಟ್ಟುವ ಜಾಗದಲ್ಲಿ, ಹುಲ್ಲು ಮೇಯುವ ಕಡೆ ಬಣ್ಣದ ಪಟಾಕಿ ಹಚ್ಚಬೇಡಿ, ಬೂದಿ ನೆಕ್ಕುವುದು ದನಗಳ ಸ್ವಭಾವ. ಮಕ್ಕಳು ಸುರುಸುರುಬತ್ತಿ ಹಿಡಿದ ಕೈಯಲ್ಲೇ ಕಜ್ಜಾಯ ತಿನ್ನದಂತೆ ಸೋಪು ಹಚ್ಚಿ ಕೈ ತೊಳೆಸಿ. ಬಟ್ಟೆಯ ಮಾಸ್ಕ್ ಇಲ್ಲಿ ನಿರುಪಯೋಗಿ. ಎನ್95 ಕಣಗಳನ್ನು ತಡೆಯುತ್ತದೆ, ಗಂಧಕದ ಡೈಆಕ್ಸೈಡ್ ಅನಿಲವನ್ನು ತಡೆಯುವುದಿಲ್ಲ. ಉಬ್ಬಸ ಇರುವವರಿಗೆ ಒಳಗೆ ಕೂರುವುದೊಂದೇ ದಾರಿ.

ಮದುವೆ ಫೋಟೊಶೂಟ್‌ಗಳಲ್ಲಿ ಈಗ ಬಣ್ಣದ ಹೊಗೆ ಕೋಲುಗಳ ಹಾವಳಿ. ಅವುಗಳಲ್ಲಿ ಬಣ್ಣ ಬರುವುದು ಜ್ವಾಲೆಯಿಂದಲ್ಲ, ಕೃತಕ ವರ್ಣದ್ರವ್ಯ ಆವಿಯಾಗಿ ಗಾಳಿಯಲ್ಲಿ ಮತ್ತೆ ಗಟ್ಟಿಯಾಗುವುದರಿಂದ. ಅಂದರೆ ಬಟ್ಟೆಗೆ ಹಾಕುವಂಥ ಬಣ್ಣದ ಪುಡಿಯನ್ನು ಅತಿ ಸಣ್ಣ ಕಣವಾಗಿ ಉಸಿರಾಡಿದಂತೆ. ಕಲ್ಯಾಣಮಂಟಪದ ಒಳಗೆ, ಛತ್ರದ ಮೆಟ್ಟಿಲ ಕೆಳಗೆ ಇದನ್ನು ಹಚ್ಚಲೇಕೂಡದು. ಬಯಲಿನಲ್ಲಿ ಗಾಳಿ ಬರುವ ಕಡೆಗೆ ಬೆನ್ನು ಮಾಡಿ, ಕೋಲನ್ನು ಮೈಯಿಂದ ದೂರ ಹಿಡಿದರೆ ಒಂದೆರಡು ಚಿತ್ರಕ್ಕೆ ಅಡ್ಡಿಯಿಲ್ಲ.

ದೋಣಿ, ಹಡಗಿನವರು ಅಪಾಯದಲ್ಲಿ ನೆರವು ಕೋರಿ ಹಚ್ಚುವ ಸಂಕಟದ ಫ್ಲೇರ್‌ಗಳ ಮಾತು ಬೇರೆಯೇ, ಏಕೆಂದರೆ ಅಲ್ಲಿ ಬಣ್ಣ ಜೀವ ಉಳಿಸುತ್ತದೆ. ಸೋಲಾಸ್ ಎಂಬ ಅಂತರರಾಷ್ಟ್ರೀಯ ಸಮುದ್ರ ಸುರಕ್ಷತಾ ನಿಯಮದ ಕೈ ಫ್ಲೇರ್ ಕನಿಷ್ಠ 1 ನಿಮಿಷ, ಸರಾಸರಿ 15,000 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಹೊಳಪಿನಲ್ಲಿ ಕೆಂಪಾಗಿ ಉರಿಯಬೇಕು. 100 ಮಿಲಿಮೀಟರ್ ನೀರಿನಡಿ 10 ಸೆಕೆಂಡು ಮುಳುಗಿಸಿದರೂ ಆರಬಾರದು. ರಾಕೆಟ್ ಪ್ಯಾರಾಚೂಟ್ ಫ್ಲೇರ್ 300 ಮೀಟರ್ ಮೇಲೇರಿ 40 ಸೆಕೆಂಡು, 30,000 ಕ್ಯಾಂಡೆಲಾ. ಇಷ್ಟು ಹೊಳಪಿಗೆ ಮೆಗ್ನೀಸಿಯಂ, ಸ್ಟ್ರಾನ್ಷಿಯಂ ನೈಟ್ರೇಟ್, ಕ್ಲೋರಿನ್ ಮೂಲ ಎಲ್ಲವೂ ಧಾರಾಳವಾಗಿ ಬೇಕು. ರೈಲಿನ ಲೋಕೋ ಪೈಲಟ್ ಇಟ್ಟುಕೊಳ್ಳುವ ಫ್ಯೂಸಿ ಎಂಬ ಅಪಾಯಸೂಚಕ ಉರಿಕೋಲಿನ ಕೆಂಪೂ ಇದೇ ಜಾತಿಯದು. ಅಪಾಯದಲ್ಲಿರುವಾಗ ವಿಷದ ಲೆಕ್ಕ ಹಾಕಬೇಡಿ, ಹಚ್ಚಿ. ದೋಣಿಯ ಗಾಳಿಮರೆಯ ಬದಿಯಲ್ಲಿ, ಕೈಯನ್ನು ಹೊರಗೆ ಚಾಚಿ.

ತೊಂದರೆ ಇರುವುದು ಅವಧಿ ಮುಗಿದವುಗಳದು. ಫ್ಲೇರ್‌ಗಳ ಆಯುಷ್ಯ ಸಾಮಾನ್ಯವಾಗಿ ಮೂರು ವರ್ಷ. ಆಮೇಲೆ ಅವನ್ನು ಸಮುದ್ರಕ್ಕೆ ಎಸೆಯುವುದು, ಅಳಿವೆಯ ದಂಡೆಯಲ್ಲಿ ಹೂಳುವುದು, ಹಬ್ಬಕ್ಕೆ ಹಚ್ಚುವುದು ಮೂರೂ ತಪ್ಪು. ಮೊದಲ ಎರಡರಲ್ಲಿ ಕವಚ ತುಕ್ಕು ಹಿಡಿದು ಒಳಗಿನ ಲವಣವೆಲ್ಲ ಉರಿಯದ ರೂಪದಲ್ಲೇ ನೀರಿಗೆ ಇಳಿಯುತ್ತದೆ. ಮೂರನೆಯದು ಸುಳ್ಳು ಸಂಕಟದ ಕರೆಯಾಗಿ ಕರಾವಳಿ ಕಾವಲು ಪಡೆಯನ್ನು ಓಡಿಸುತ್ತದೆ. ಪಟಾಕಿಯಂತೆ ಬಕೆಟ್ಟಿನಲ್ಲಿ ನೆನೆಸುವ ಉಪಾಯವೂ ಇಲ್ಲಿ ನಡೆಯದು, ಕವಚ ನೀರು ತಡೆಯುವಂತೆಯೇ ಮಾಡಿರುತ್ತಾರೆ, ಒಳಗೆ ನೀರು ನುಗ್ಗಿದರೂ ಮೆಗ್ನೀಸಿಯಂ ಬಿಸಿಯಾಗುತ್ತದೆ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ಮಾರಾಟಗಾರನನ್ನು ಹಿಡಿಯಿರಿ, ಅಥವಾ ಬಂದರು ಅಧಿಕಾರಿಗಳನ್ನು ಕೇಳಿ. ಅಲ್ಲಿಯವರೆಗೆ ದಿನಾಂಕ ಬರೆದ ಒಣ ಡಬ್ಬಿಯಲ್ಲಿ, ಬ್ಯಾಟರಿ ಡೀಸೆಲ್‌ನಿಂದ ದೂರ ಇಡಿ. ಅಮೆರಿಕದಲ್ಲಿ ಮೋಜಿನ ದೋಣಿಗಳಿಗೆ ರಾತ್ರಿಯ ಫ್ಲೇರ್ ಬದಲು ಎಲ್‌ಇಡಿ ಸಂಕಟದೀಪವನ್ನು ಒಪ್ಪಿದ್ದಾರೆ, ಹಗಲಿಗೆ ಜೊತೆಯಲ್ಲೊಂದು ಕಿತ್ತಳೆ ಬಾವುಟ. ಅದರ ಹೊಳಪು ಉರಿಯುವ ಫ್ಲೇರ್‌ಗೆ ಸಾಟಿಯಲ್ಲ, ಆದರೆ ಗಂಟೆಗಟ್ಟಲೆ ಮಿನುಗುತ್ತದೆ. ದೂರ ಹೋಗುವ ದೋಣಿಯಲ್ಲಿ ಎರಡೂ ಇರಲಿ ಎನ್ನುತ್ತೇನೆ. ದಂಡೆಯ ಹತ್ತಿರವೇ ಓಡಾಡುವ ಸಣ್ಣ ದೋಣಿಗೆ ಇಂಥ ದೀಪವನ್ನು ನಮ್ಮಲ್ಲೂ ಒಪ್ಪಿಕೊಂಡರೆ ಅವಧಿ ಮುಗಿದ ಫ್ಲೇರ್‌ಗಳ ರಾಶಿಯೇ ಕಡಿಮೆಯಾಗುತ್ತದೆ.